ದೊಡ್ಡವರ ಜಗಳ, ನಮ್ಮ ಪಡಸಾಲೆ

ವೆಬ್‌ಸೈಟಿನ ಕೆಲಸ ಮಾಡುವವರ ಬಾಳಿನಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಎಲ್ಲೋ ದೂರದ ದೇಶದಲ್ಲಿ ಯಾರೋ ಇಬ್ಬರಿಗೆ ಸಿಟ್ಟು ಬರುತ್ತದೆ, ಇಲ್ಲಿ ಬನಶಂಕರಿ ಎರಡನೇ ಹಂತದಲ್ಲಿ ನನ್ನ ಕಾಫಿ ಆರಿಹೋಗುತ್ತದೆ.

ನನ್ನ ಕೆಲಸ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬೀದಿಯವರಿಗೆ ಹದಿನೈದು ವರ್ಷದಿಂದ ಹೇಳುತ್ತಾ ಬಂದಿದ್ದರೂ ನಾನು ಪ್ರಿಂಟರ್ ರಿಪೇರಿ ಮಾಡುತ್ತೇನೆ ಅಂತಲೇ ಅವರ ನಂಬಿಕೆ. ನಾನು ಥೀಮ್ ಮಾಡುತ್ತೇನೆ. ವೆಬ್‌ಸೈಟ್ ಕಟ್ಟಿಕೊಳ್ಳಲು ಒಂದು ಪುಕ್ಕಟೆ ವ್ಯವಸ್ಥೆ ಇದೆ. ಓಪನ್ ಸೋರ್ಸ್ ಅನ್ನುತ್ತಾರೆ. ಅದರ ಒಳಗಿನದೆಲ್ಲ ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ಹಂಚಬಹುದು. ಆ ವ್ಯವಸ್ಥೆ ಗೋಡೆ, ಸೂರು ಕೊಡುತ್ತದೆ. ಬಣ್ಣ ಯಾವುದು, ಫೋಟೋ ಎಲ್ಲಿ ಕೂರಬೇಕು, ಅಕ್ಷರ ಎಷ್ಟು ದಪ್ಪ, ಫೋನ್ ನಂಬರ್ ಬರೆಯುವ ಫಾರಂ ಹೇಗಿರಬೇಕು, ಇವೆಲ್ಲ ಥೀಮಿನ ಪಾಲು. ನಮ್ಮ ಥೀಮಿನ ಹೆಸರು ಪಡಸಾಲೆ. ಏಳು ವರ್ಷದಿಂದ ಸಾಕುತ್ತಿದ್ದೇವೆ. ಆ ವ್ಯವಸ್ಥೆಯವರದ್ದೇ ಒಂದು ದೊಡ್ಡ ಉಗ್ರಾಣ ಇದೆ, ಇಂಟರ್‌ನೆಟ್ಟಿನಲ್ಲಿ. ಥೀಮುಗಳೆಲ್ಲ ಅಲ್ಲಿರುತ್ತವೆ. ಜನ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ, ನಾವು ತಿದ್ದಿದ್ದನ್ನು ಅಲ್ಲಿ ಇಟ್ಟರೆ ಎಲ್ಲರ ವೆಬ್‌ಸೈಟಿಗೂ ತಾನಾಗಿಯೇ ಹೋಗಿ ಸೇರುತ್ತದೆ.

ನಾವು ಅಂದರೆ ನಾನು ಮತ್ತು ನನ್ನ ಪಾಲುದಾರರು. ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಬಹಳ ವರ್ಷ ಇದ್ದು ವಿಆರ್‌ಎಸ್ ತೆಗೆದುಕೊಂಡವರು, ಮನೆ ಸುದ್ದಗುಂಟೆಪಾಳ್ಯ. ನಾನು ಚಿತ್ರ ಬಿಡಿಸುತ್ತೇನೆ, ಅವರು ಕೋಡ್ ಬರೆಯುತ್ತಾರೆ. ಚಿನ್ನದಂಥ ಮನುಷ್ಯ. ಕಾರ್ಖಾನೆ ಬಿಟ್ಟರೂ ಕಾರ್ಖಾನೆ ಅವರನ್ನು ಬಿಟ್ಟಿಲ್ಲ, ಅಷ್ಟೇ ತೊಂದರೆ. ನಮ್ಮ ಮನೆಯ ಮೊದಲ ಮಹಡಿಯ ರೂಮೇ ನಮ್ಮ ಆಫೀಸು. ಎರಡು ಕುರ್ಚಿ, ಎರಡು ಲ್ಯಾಪ್‌ಟಾಪು, ಇಪ್ಪತ್ತಾರು ಫೈಲು. ಇಪ್ಪತ್ತಾರನೇ ಫೈಲು ಉಳಿದ ಇಪ್ಪತ್ತೈದರ ಪಟ್ಟಿ.

೧. ಅತ್ತೆಯವರ ತೀರ್ಪು

ಜಗಳ ಶುರುವಾದದ್ದು ಹೀಗೆ. ಆ ಉಗ್ರಾಣದ ಬೀಗದ ಕೈ ಇಟ್ಟುಕೊಂಡಿರುವ ಯಜಮಾನರು ಒಂದು ಕಡೆ. ಅದೇ ವ್ಯವಸ್ಥೆಯನ್ನು ಬಳಸಿ ಜನರಿಗೆ ವೆಬ್‌ಸೈಟ್ ನಡೆಸಿಕೊಡುವ ದೊಡ್ಡ ಕಂಪನಿ ಇನ್ನೊಂದು ಕಡೆ. ನೀವು ನಮ್ಮಿಂದ ಬೇಕಾದಷ್ಟು ತೆಗೆದುಕೊಳ್ಳುತ್ತೀರಿ, ಏನೂ ವಾಪಸ್ ಕೊಡುವುದಿಲ್ಲ ಅಂತ ಯಜಮಾನರು ಬೈದರು. ಪುಕ್ಕಟೆ ಅಂತ ಹೇಳಿದ್ದು ನೀವೇ ಅಲ್ಲವಾ ಅಂತ ಕಂಪನಿ ತಿರುಗಿ ಬೈದಿತು. ಯಜಮಾನರು ಆ ಕಂಪನಿಯವರಿಗೆ ಉಗ್ರಾಣದ ಬಾಗಿಲು ಹಾಕಿದರು. ಕಂಪನಿ ಕೋರ್ಟಿಗೆ ಹೋಯಿತು.

ಇದನ್ನೆಲ್ಲ ನಾನು ಫೋನಿನಲ್ಲಿ ಗೆಳತಿಗೆ ವಿವರಿಸುತ್ತಿದ್ದೆ. ನಮ್ಮತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಫೋನ್ ಇಟ್ಟ ತಕ್ಷಣ ಕೇಳಿದರು.

"ಯಾರಮ್ಮಾ ಅದು? ಊಟ ಫ್ರೀ ಅಂತ ಎಲೆ ಹಾಕಿ ಕೂರಿಸಿ, ಸಾರು ಅನ್ನ ಬರೋ ಹೊತ್ತಿಗೆ ಎದ್ದೇಳಿ ಅಂದ್ರಂತಲ್ಲ?"

"ಹೆಚ್ಚುಕಮ್ಮಿ ಹಾಗೇ ಅತ್ತೆ."

"ತಪ್ಪು. ಎಲೆ ಮುಂದೆ ಕೂತವರನ್ನ ಎಬ್ಬಿಸಬಾರದು."

ಸರಿ, ಅತ್ತೆ ಕಂಪನಿಯ ಕಡೆ ಅಂದುಕೊಂಡೆ. ಮಾರನೇ ದಿನ ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದವರೇ ಮತ್ತೆ ಶುರು ಮಾಡಿದರು.

"ರಾತ್ರಿ ಯೋಚನೆ ಮಾಡ್ದೆ. ಆ ಇನ್ನೊಬ್ರದೂ ತಪ್ಪೇ. ವರ್ಷಗಟ್ಟಲೆ ಊಟ ಮಾಡ್ತಾರೆ, ಒಂದು ದಿನಾನಾದ್ರೂ ಬಡಿಸೋಕೆ ಎದ್ದಿದಾರಾ?"

"ಹಾಗಾದ್ರೆ ನೀವು ಯಾರ ಕಡೆ ಅತ್ತೆ?"

"ನಾನು ಅಡುಗೆಯವರ ಕಡೆ. ಈ ಗಲಾಟೇಲಿ ಅವರು ಊಟ ಮಾಡಿದ್ರೋ ಇಲ್ವೋ ಅಂತ ಒಬ್ಬರೂ ಕೇಳ್ಲಿಲ್ಲ."

ಈ ಜಗಳದ ಬಗ್ಗೆ ನಾನು ಎಷ್ಟೋ ದೊಡ್ಡ ದೊಡ್ಡ ಲೇಖನ ಓದಿದೆ. ಥೀಮ್ ಮಾಡುವವರ ಬಗ್ಗೆ ಯೋಚಿಸಿದ್ದು ನಮ್ಮತ್ತೆ ಒಬ್ಬರೇ. ಅದೂ ಅವರೆಕಾಯಿ ಬಿಡಿಸಿದ್ದು ಸಾಲದು ಅಂತ ನನ್ನ ಮುಂದೆ ಇನ್ನೊಂದು ಮೊರ ಇಡುತ್ತಾ.

೨. ನಾಲ್ಕು ಪುಟದ ಟಿಕ್ಕು

ಕೆಲವು ದಿನ ಕಳೆಯಿತು. ಉಗ್ರಾಣಕ್ಕೆ ಲಾಗಿನ್ ಆಗುವ ಪುಟದಲ್ಲಿ ಹೊಸದೊಂದು ಚೌಕ ಬಂದು ಕೂತಿತು. 'ಆ ಕಂಪನಿಗೂ ನನಗೂ ಹಣಕಾಸಿನದಾಗಲಿ, ಬೇರೆ ಯಾವುದೇ ಥರದ್ದಾಗಲಿ, ಯಾವ ಸಂಬಂಧವೂ ಇಲ್ಲ' ಅಂತ ಅದರ ಪಕ್ಕ ಬರೆದಿತ್ತು. ಅದಕ್ಕೆ ಟಿಕ್ ಹಾಕಿದರೆ ಮಾತ್ರ ಒಳಗೆ.

ಲೋಕದಲ್ಲಿ ಎಲ್ಲರೂ ಇಂಥ ಚೌಕಕ್ಕೆ ಏನು ಮಾಡುತ್ತಾರೆ? ಓದದೆ ಟಿಕ್ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ. ಆದರೆ ಉಗ್ರಾಣದ ಖಾತೆ ಇದ್ದದ್ದು ನನ್ನ ಪಾಲುದಾರರ ಹೆಸರಿನಲ್ಲಿ. ಒಟಿಪಿ ಬರುತ್ತಿದ್ದದ್ದೂ ಅವರ ಫೋನಿಗೇ.

ಅವರು ಕನ್ನಡಕ ಏರಿಸಿಕೊಂಡು ಆ ಸಾಲನ್ನು ಮೂರು ಸಲ ಓದಿದರು. "ಮೇಡಂ, ಯಾವುದೇ ಥರದ್ದಾಗಲಿ ಅಂತ ಹಾಕಿದಾರೆ."

"ಹಾಕ್ಲಿ ಬಿಡಿ ಸಾರ್. ನಾವೇನು ಅವರ ನೌಕರರಾ? ಟಿಕ್ ಮಾಡಿ."

"ಅದು ಡಿಕ್ಲರೇಷನ್ ಮೇಡಂ. ಡಿಕ್ಲರೇಷನ್ ಅಂದ್ಮೇಲೆ ಇರೋದನ್ನೆಲ್ಲ ಹೇಳ್ಬೇಕು. ನಾಳೆ ಯಾರಾದ್ರೂ ಫೈಲ್ ತೆಗೆದ್ರೆ?"

ಯಾರು ಫೈಲ್ ತೆಗೆಯುತ್ತಾರೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೆ ಕಾರ್ಖಾನೆಯಲ್ಲಿ ಯಾರ್ಯಾರು ಯಾವ್ಯಾವ ಫೈಲ್ ತೆಗೆದಿದ್ದರು ಅನ್ನುವ ಕಥೆಗಳು ಶುರುವಾಗುತ್ತಿದ್ದವು. ಅವರು ಟಿಕ್ ಹಾಕಲಿಲ್ಲ. ಬದಲಿಗೆ ಎರಡು ದಿನ ಕೂತು ಉಗ್ರಾಣದವರಿಗೆ ನಾಲ್ಕು ಪುಟದ ಪತ್ರ ಬರೆದರು. ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ:

'ಮಾನ್ಯರೇ, ಸದರಿ ಕಂಪನಿಯವರು ಮೂರು ವರ್ಷದ ಹಿಂದೆ ಏರ್ಪಡಿಸಿದ್ದ ಸಮ್ಮೇಳನದಲ್ಲಿ ನಾನು ಭಾಗವಹಿಸಿ ಮಧ್ಯಾಹ್ನದ ಊಟ ಮಾಡಿರುತ್ತೇನೆ. ಊಟದಲ್ಲಿ ಬಾದಾಮಿ ಹಲ್ವವನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡಿರುತ್ತೇನೆ. ಅವರು ಹಂಚಿದ ಟೀ ಶರ್ಟ್ ಒಂದನ್ನು ಸ್ವೀಕರಿಸಿರುತ್ತೇನೆ. ಸದರಿ ಟೀ ಶರ್ಟ್ ಒಗೆದ ಮೇಲೆ ಗಿಡ್ಡವಾದ ಕಾರಣ ಪ್ರಸ್ತುತ ಸ್ಕೂಟರ್ ಒರೆಸಲು ಬಳಕೆಯಲ್ಲಿದ್ದು, ತಾವು ಬಯಸಿದಲ್ಲಿ ಹಿಂದಿರುಗಿಸಲು ಸಿದ್ಧನಿರುತ್ತೇನೆ. ನಮ್ಮ ಗ್ರಾಹಕರ ಪೈಕಿ ಒಬ್ಬರ ವೆಬ್‌ಸೈಟ್ ಅವರಲ್ಲಿಯೇ ಇರುತ್ತದೆ. ಈ ಸಂಗತಿಗಳ ಹಿನ್ನೆಲೆಯಲ್ಲಿ ನಾನು ಟಿಕ್ ಹಾಕಬಹುದೇ ಹೇಗೆ ಎಂಬ ಬಗ್ಗೆ ಸೂಕ್ತ ನಿರ್ದೇಶನ ನೀಡಬೇಕಾಗಿ ವಿನಂತಿ.'

"ಸಾರ್, ಹಲ್ವ ಯಾಕೆ ಬರೆದ್ರಿ?" ಅಂತ ಕೇಳಿದೆ.

"ಮೊದಲನೇ ಸಲ ಹಾಕಿದ್ದು ಅವರಾಗಿ ಹಾಕಿದ್ದು ಮೇಡಂ. ಎರಡನೇ ಸಲ ನಾನಾಗಿ ಕೇಳಿದ್ದು. ವ್ಯತ್ಯಾಸ ಇದೆ."

ಪತ್ರ ಹೋಯಿತು. ಇನ್ನು ಉತ್ತರ ಬರುವ ತನಕ ಏನೂ ಮಾಡುವ ಹಾಗಿಲ್ಲ ಅಂತ ಹೇಳಿ ಅದರ ನಕಲನ್ನು ಹೊಸದಾಗಿ ತೆರೆದ ಇಪ್ಪತ್ತೇಳನೇ ಫೈಲಿಗೆ ಸೇರಿಸಿದರು. ಪತ್ರದ ಕೊನೆಯಲ್ಲಿ ಲಗತ್ತು ಅಂತ ಒಂದು ಸಾಲಿತ್ತು. ಏನದು ಅಂತ ಬಿಚ್ಚಿ ನೋಡಿದರೆ ಟೀ ಶರ್ಟಿನ ಎರಡು ಫೋಟೋ, ಮುಂಭಾಗ ಮತ್ತು ಹಿಂಭಾಗ.

೩. ತೂತು ಬಿದ್ದ ಸುದ್ದಿ, ಕತ್ರಿಗುಪ್ಪೆಯ ಆಂಟಿ

ಇದುವರೆಗೆ ನಾನು ನಗುತ್ತಲೇ ಇದ್ದೆ. ಆಮೇಲೆ ಒಂದು ಸೋಮವಾರ ಉಗ್ರಾಣದಿಂದ ಮೇಲ್ ಬಂತು. ಅದು ಪತ್ರಕ್ಕೆ ಉತ್ತರವಲ್ಲ. ಪಡಸಾಲೆಯಲ್ಲಿ ಒಂದು ತೂತು ಸಿಕ್ಕಿದೆ ಅಂತ ಯಾರೋ ವರದಿ ಕೊಟ್ಟಿದ್ದರು. ಜನ ವಿಚಾರಣೆಗೆ ಅಂತ ಹೆಸರು, ಫೋನ್ ನಂಬರ್ ಬರೆಯುವ ಫಾರಂ ಇದೆಯಲ್ಲ, ತಿಳಿದ ಕಳ್ಳನಾದರೆ ಆ ನಂಬರುಗಳನ್ನು ಹೊರಗಿನಿಂದಲೇ ಓದಿಬಿಡಬಹುದಿತ್ತು. ಒಂದು ತಿಂಗಳೊಳಗೆ ಸರಿಮಾಡಿ ಉಗ್ರಾಣಕ್ಕೆ ಹಾಕದಿದ್ದರೆ ಥೀಮನ್ನು ಅಲ್ಲಿಂದ ತೆಗೆದುಹಾಕುತ್ತೇವೆ ಅಂತ ಬರೆದಿದ್ದರು.

ತಪ್ಪು ನಮ್ಮದೇ. ಜಗಳಕ್ಕೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಪಾಲುದಾರರು ಒಂದೇ ಮಧ್ಯಾಹ್ನದಲ್ಲಿ ತೂತು ಮುಚ್ಚಿದರು. ಮುಚ್ಚಿದ್ದನ್ನು ಉಗ್ರಾಣಕ್ಕೆ ಹಾಕಬೇಕಲ್ಲ! ಹಾಕಬೇಕಾದರೆ ಲಾಗಿನ್ ಆಗಬೇಕು, ಲಾಗಿನ್ ಆಗಬೇಕಾದರೆ ಟಿಕ್ ಹಾಕಬೇಕು, ಟಿಕ್ ಹಾಕಬೇಕಾದರೆ ಹಲ್ವದ ಬಗ್ಗೆ ನಿರ್ದೇಶನ ಬರಬೇಕು.

ನನಗೆ ನಿಜವಾಗಿ ಹೆದರಿಕೆಯಾಯಿತು. ನಮ್ಮ ಥೀಮನ್ನು ಬಳಸುವವರಲ್ಲಿ ನನಗೆ ಪರಿಚಯ ಇರುವುದು ಹತ್ತು ಹನ್ನೆರಡು ಜನ. ಉಳಿದವರು ಎಲ್ಲಿಯವರೋ, ಯಾವ ಭಾಷೆಯವರೋ. ಒಂದು ಬೇಕರಿಯ ವೆಬ್‌ಸೈಟಿನ ಲಿಪಿಯನ್ನು ನಾನು ಇವತ್ತಿಗೂ ಗುರುತಿಸಲಾರೆ, ಆದರೆ ಆ ಪುಟದ ಬಣ್ಣ ನಾನು ಆರಿಸಿದ್ದು. ಅವರೆಲ್ಲರ ಗಿರಾಕಿಗಳ ನಂಬರು ಬಟ್ಟಬಯಲಿನಲ್ಲಿದೆ, ನನ್ನ ಕೈಯಲ್ಲಿ ಮದ್ದು ಇದೆ, ಕೊಡಲು ದಾರಿಯಿಲ್ಲ. ಅನ್ನ ಸೇರುತ್ತಿರಲಿಲ್ಲ.

ಪರಿಚಯದವರಿಗಾದರೂ ಕೈಯಾರೆ ಹಾಕಿಬರೋಣ ಅಂತ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ಹೊರಟೆ. ಮೊದಲು ಕತ್ರಿಗುಪ್ಪೆ. ಅಲ್ಲಿ ಕೋಡುಬಳೆ, ಚಕ್ಕುಲಿ, ಹುರಿಗಾಳು ಮಾರುವ ಕಾಂಡಿಮೆಂಟ್ಸ್ ಅಂಗಡಿಯ ಆಂಟಿ ನಮ್ಮ ಹಳೆಯ ಗ್ರಾಹಕಿ. ಡಬ್ಬಗಳ ಮಧ್ಯೆ ಒಂದು ಸ್ಟೂಲ್ ಹಾಕಿಕೊಟ್ಟರು. ಕಾಲು ಗಂಟೆಯಲ್ಲಿ ಕೆಲಸ ಮುಗಿಸಿ ಅವರ ಕಡೆಗೆ ತಿರುಗಿಸಿ ತೋರಿಸಿದೆ.

"ಆಯ್ತು ಆಂಟಿ. ಈಗ ಸೇಫು."

ಆಂಟಿ ಸ್ಕ್ರೀನಿಗೆ ಮೂಗು ತಗುಲಿಸಿ ನೋಡಿದರು. "ಏನ್ ಮಾಡ್ದೆ? ನಂಗೇನೂ ಕಾಣಿಸ್ತಿಲ್ವಲ್ಲ."

"ಕಾಣಿಸಲ್ಲ ಆಂಟಿ. ಒಳಗಡೆ ಮಾಡಿರೋದು."

"ಒಳಗಡೆ ಅಂದ್ರೆ? ಮೊದಲು ಹೆಂಗಿತ್ತೋ ಹಂಗೇ ಇದೆ."

"ಹಾಗೇ ಇರ್ಬೇಕು ಆಂಟಿ, ಅದೇ ಸರಿ."

"ಅಲ್ಲ ಕಣಮ್ಮಾ, ಬನಶಂಕರಿಯಿಂದ ಬಿಸಿಲಲ್ಲಿ ಬಂದಿದೀಯ, ಕಾಲು ಗಂಟೆ ಕುಟ್ಟಿದೀಯ, ಏನೂ ಆಗೇ ಇಲ್ವಾ? ಇನ್ನೊಂದ್ಸಲ ನೋಡು ಪಾಪ."

ಆಂಟಿಯ ಮುಖದಲ್ಲಿ ನನ್ನ ಬಗ್ಗೆ ಮೂಡಿದ ಕನಿಕರ ನೋಡಲಾಗಲಿಲ್ಲ. ಮತ್ತೆ ಲ್ಯಾಪ್‌ಟಾಪ್ ಎಳೆದುಕೊಂಡು ಮೇಲಿನ ಪಟ್ಟಿಯ ಕೆಂಪು ಬಣ್ಣವನ್ನು ಒಂಚೂರು ಗಾಢ ಮಾಡಿ ತೋರಿಸಿದೆ. ಆಂಟಿ ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿ, ಪಕ್ಕದ ಗಿರಾಕಿಯನ್ನೂ ಕರೆದು ತೋರಿಸಿದರು.

"ಈಗ ನೋಡಿ, ಎಷ್ಟು ಸೇಫಾಗಿ ಕಾಣಿಸ್ತಿದೆ!"

ಅಂದಿನಿಂದ ಹೋದ ಕಡೆಯಲ್ಲೆಲ್ಲ ಮೊದಲು ಬಣ್ಣ ಗಾಢ ಮಾಡಿ, ಆಮೇಲೆ ತೂತು ಮುಚ್ಚಿದೆ.

೪. ಛತ್ರದ ಮ್ಯಾನೇಜರ್ ಕಂಡ ಪರಿಹಾರ

ವಸಂತಪುರದ ಕಡೆ ಒಂದು ಮದುವೆ ಛತ್ರ. ಅದರ ವೆಬ್‌ಸೈಟಿಗೂ ಪಡಸಾಲೆಯೇ. ಅಲ್ಲಿ ವಿಚಾರಿಸುವವರೆಲ್ಲ ಹೆಣ್ಣು ಹೆತ್ತವರು, ಗಂಡು ಹೆತ್ತವರು. ಆ ನಂಬರುಗಳು ಹೊರಗೆ ಹೋಗಲೇಬಾರದು ಅಂತ ಓಡಿಹೋದೆ. ಮ್ಯಾನೇಜರ್ ಊಟದ ಹಾಲಿನಲ್ಲಿ ಟೇಬಲ್ ಎಣಿಸುತ್ತಿದ್ದರು. ತೂತು ಮುಚ್ಚಿದ ಮೇಲೆ ಪೂರ್ತಿ ಕಥೆ ಕೇಳಿದರು. ಇಪ್ಪತ್ತು ವರ್ಷದಿಂದ ವಾರಕ್ಕೆರಡು ಮದುವೆ ನೋಡಿದವರು, ಜಗಳ ಅಂದರೆ ಅವರಿಗೆ ಕಸುಬು.

"ಇದಕ್ಕೆಲ್ಲಾ ಕೋರ್ಟ್ ಯಾಕೆ ಮೇಡಂ? ನಮ್ಮಲ್ಲಿ ಮಿನಿ ಹಾಲು ಬುಧವಾರ ಖಾಲಿ ಇದೆ. ಎರಡು ಕಡೆಯವರನ್ನೂ ಕರ್ಸಿ."

"ಅವರು ಅಮೆರಿಕದಲ್ಲಿದಾರೆ ಸಾರ್."

"ಅಮೆರಿಕದ ಮದುವೆಗಳ್ನೂ ಮಾಡಿದೀವಿ. ಜಗಳ ಯಾವ ದೇಶದ್ದಾದ್ರೂ ಒಂದೇ. ಎರಡು ಕಡೆಗೂ ಬೇರೆ ಬೇರೆ ಕಾಫಿ ಫಿಲ್ಟರ್ ಇಡ್ಬೇಕು. ನಿಮ್ಮದೇ ಮೊದಲನೇ ಡಿಕಾಕ್ಷನ್ ಅಂತ ಇಬ್ಬರಿಗೂ ಹೇಳ್ಬೇಕು. ಅರ್ಧ ಜಗಳ ಅಲ್ಲೇ ಮುಗಿಯುತ್ತೆ."

"ಇನ್ನರ್ಧ?"

"ಇನ್ನರ್ಧಕ್ಕೆ ಹೆಣ್ಣಿನ ಕಡೆಯವರ ಹತ್ರ ಹೋಗಿ ಸಮಾಧಾನ ಹೇಳ್ಬೇಕು. ಹೋಗ್ಲಿ ಬಿಡಿ, ನೀವು ದೊಡ್ಡ ಮನಸ್ಸು ಮಾಡಿ ಅಂತ. ಅವರು ಮಾಡ್ತಾರೆ. ಇದ್ರಲ್ಲಿ ಹೆಣ್ಣಿನ ಕಡೆ ಯಾರು?"

ನಾನು ಬಹಳ ಯೋಚನೆ ಮಾಡಿದೆ. "ಇದ್ರಲ್ಲಿ ಇಬ್ಬರೂ ನಾವೇ ಗಂಡಿನ ಕಡೆ ಅಂತಿದಾರೆ ಸಾರ್."

ಮ್ಯಾನೇಜರ್ ಡೈರಿ ಮುಚ್ಚಿದರು. "ಹಂಗಾದ್ರೆ ಕೋರ್ಟೇ ಸರಿ."

೫. ನಮ್ಮದೇ ವ್ಯವಸ್ಥೆ

ಗಡುವಿಗೆ ಹತ್ತು ದಿನ ಉಳಿದಿತ್ತು. ಉತ್ತರವಿಲ್ಲ. ನಾನು ಉಗ್ರಾಣಕ್ಕೆ ಬರೆದ ಇಮೇಲ್‌ಗೆಲ್ಲ ಯಂತ್ರವೇ ಉತ್ತರಿಸುತ್ತಿತ್ತು: ತಿದ್ದಿದ್ದನ್ನು ನಿಮ್ಮ ಖಾತೆಯ ಮೂಲಕವೇ ಹಾಕಿ. ನನ್ನ ಮುಖ ನೋಡಲಾಗದೆ ನಮ್ಮ ಮನೆಯವರು ಒಂದು ಭಾನುವಾರ ತಿಂಡಿ ಹೊತ್ತಿಗೆ ಭುಗಿಲೆದ್ದರು. ಅವರಿಗೆ ಬ್ಯಾಂಕಿನಲ್ಲಿ ಕೆಲಸ, ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೇ. ಆದರೆ ಆವೇಶಕ್ಕೆ ಏನೂ ಕಮ್ಮಿಯಿಲ್ಲ.

"ಓಪನ್ ಸೋರ್ಸ್ ತಾನೇ? ಯಾರು ಬೇಕಾದ್ರೂ ತಗೋಬಹುದು ತಾನೇ? ತಗೊಂಡು ನಾವೇ ಒಂದು ಶುರು ಮಾಡೋಣ. ಯಾರ ಹಂಗೂ ಬೇಡ!"

ಹಾಗೆ ಮಾಡುವುದಕ್ಕೆ ಕಾನೂನಿನಲ್ಲಿ ಅಡ್ಡಿಯೇನೂ ಇಲ್ಲ. ಜಗಳವಾದಾಗೆಲ್ಲ ಯಾರೋ ಒಬ್ಬರು ಹೀಗೆ ಪ್ರತ್ಯೇಕ ಮನೆ ಮಾಡುತ್ತಾರೆ. ಅವತ್ತು ನಮ್ಮಲ್ಲೇ ತಿಂಡಿಗೆ ಬಂದಿದ್ದ ಪಾಲುದಾರರೂ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಹುರುಪಾದರು. ಇಬ್ಬರೂ ಮಹಡಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನೂ ಅತ್ತೆಯೂ ಕೆಳಗೆ ಕೂತು ಕೇಳಿಸಿಕೊಂಡೆವು. ಮೊದಲ ಅರ್ಧ ಗಂಟೆ ನಗು, ಉತ್ಸಾಹ. ಆಮೇಲೆ ಹೊಸ ವ್ಯವಸ್ಥೆಯ ಹೆಸರಿನ ಮಾತು ಬಂತು. ನಮ್ಮ ಮನೆಯವರು ಒಂದು ಹೆಸರು ಹೇಳಿದರು, ಪಾಲುದಾರರು ಇನ್ನೊಂದು. ಮನೆ ನಮ್ಮದು ಅಂದರು ಇವರು. ಕೋಡ್ ಬರೆಯುವವನು ನಾನು ಅಂದರು ಅವರು. ಕಾಫಿ ಲೋಟ ಕುಕ್ಕಿದ ಸದ್ದಾಯಿತು. ಹನ್ನೆರಡು ಗಂಟೆಗೆ ನಮ್ಮ ಮನೆಯವರು ಇಳಿದುಬಂದು, ಪಾಲುದಾರರ ಸ್ಕೂಟರ್ ಗೇಟಿನ ಒಳಗೆ ನಿಲ್ಲಿಸುವುದು ಬೇಡ ಅಂತ ಅವರಿಗೆ ಹೇಳು ಎಂದು ನನಗೆ ಅಂದರು.

ಅತ್ತೆ ಒಳಗಿಂದಲೇ ಕೇಳಿದರು, "ಆಗಲೇ ಎಲೆ ಮುಂದಿಂದ ಎಬ್ಬಿಸಿದ್ರಾ?"

೬. ಜಯನಗರದ ಎರಡು ಟೇಬಲ್

ಗಡುವಿಗೆ ಎರಡು ದಿನ ಇರುವಾಗ ಆ ಪುಕ್ಕಟೆ ವ್ಯವಸ್ಥೆ ಬಳಸುವ ನಮ್ಮೂರಿನವರ ಕೂಟ ಇತ್ತು. ಜಯನಗರದ ಒಂದು ಹೋಟೆಲಿನ ಮಹಡಿ. ಮೊದಲೆಲ್ಲ ಹತ್ತು ಹದಿನೈದು ಜನ ಒಂದೇ ಉದ್ದ ಟೇಬಲ್ಲಿನಲ್ಲಿ ಕೂತು, ಮಸಾಲೆದೋಸೆ ತಿಂದು, ಒಬ್ಬರಿಗೊಬ್ಬರು ಸಹಾಯ ಮಾಡಿ ಏಳುತ್ತಿದ್ದೆವು. ಈ ಗಲಾಟೆ ಶುರುವಾದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲೂ ಬೈದಾಟ ಹತ್ತಿಕೊಂಡು, ನೋಡಲಾಗದೆ ನಾನು ಹೊರಗೆ ಬಂದಿದ್ದೆ. ಪಾಲುದಾರರು ಮೊದಲಿನಿಂದಲೂ ಗುಂಪಿನಲ್ಲಿರಲಿಲ್ಲ. ಹಾಗಾಗಿ ಮೂರು ತಿಂಗಳಿಂದ ಅಲ್ಲಿ ಏನಾಗಿದೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ.

ಮಹಡಿ ಹತ್ತಿ ನೋಡಿದರೆ ಟೇಬಲ್ ಎರಡಾಗಿತ್ತು. ಯಜಮಾನರ ಕಡೆಯವರು ಕಿಟಕಿ ಪಕ್ಕ, ಕಂಪನಿಯ ಕಡೆಯವರು ಕೈ ತೊಳೆಯುವ ಸಿಂಕಿನ ಪಕ್ಕ. ಎಲ್ಲರಿಗೂ ಎಲ್ಲರೂ ಗೊತ್ತು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಆದರೆ ಸಾಂಬಾರಿನ ಬಕೆಟ್ ಒಂದೇ ಇತ್ತು. ಮಾಣಿ ಅದನ್ನು ಆ ಟೇಬಲ್ಲಿಂದ ಈ ಟೇಬಲ್ಲಿಗೆ ಹೊತ್ತು ಹೊತ್ತು ಸುಸ್ತಾಗಿ ಮಧ್ಯದ ಕುರ್ಚಿಯ ಮೇಲೆ ಇಟ್ಟು, "ಬೇಕಾದವರು ಬಂದು ಹಾಕ್ಕೊಳಿ ಸಾರ್" ಅಂದುಬಿಟ್ಟ. ಸಾಂಬಾರಿಗೆ ಎದ್ದವರೆಲ್ಲ ಅಲ್ಲಿ ಎದುರುಬದುರಾಗಿ "ನೀವು ಮೊದಲು", "ಪರವಾಗಿಲ್ಲ, ನೀವು ಮೊದಲು" ಅನ್ನುತ್ತಿದ್ದರು.

ನನ್ನ ಪಾಲುದಾರರು ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು, ಇಪ್ಪತ್ತೇಳನೇ ಫೈಲನ್ನು ಎದೆಗವಚಿಕೊಂಡು ಬಂದಿದ್ದರು. ಉಗ್ರಾಣದಲ್ಲಿ ಥೀಮುಗಳನ್ನು ಪರಿಶೀಲಿಸುವ ತಂಡದಲ್ಲಿ ಸ್ವಯಂಸೇವೆ ಮಾಡುವ ಬಿಟಿಎಂ ಲೇಔಟಿನ ಹುಡುಗಿಯೊಬ್ಬಳು ಬರುತ್ತಾಳೆ ಅಂತ ಯಾರೋ ಹೇಳಿದ್ದರು. ಅವಳು ಕಿಟಕಿ ಪಕ್ಕ ಇಡ್ಲಿ ತಿನ್ನುತ್ತಿದ್ದಳು. ಪಾಲುದಾರರು ಅವಳ ಮುಂದೆ ನಿಂತು ಫೈಲ್ ಬಿಚ್ಚಿದರು.

"ಮೇಡಂ, ನಮ್ಮದೊಂದು ಅರ್ಜಿ ತಮ್ಮ ಸಂಸ್ಥೆಯಲ್ಲಿ ಬಾಕಿ ಇದೆ. ನಾಡಿದ್ದು ಗಡುವು. ಏಳು ವರ್ಷದ ಕೆಲಸ ಮೇಡಂ, ಹೋಗಿಬಿಡುತ್ತೆ. ಜನರ ಫೋನ್ ನಂಬರ್ ಎಲ್ಲಾ ಹೊರಗೆ ಬೀಳುತ್ತೆ."

ಕೊನೆಯ ಮಾತು ಹೇಳುತ್ತಾ ಫೈಲನ್ನು ಅವಳ ಇಡ್ಲಿ ತಟ್ಟೆಯ ಪಕ್ಕಕ್ಕೇ ಸರಿಸಿದರು. ಅದನ್ನು ನೋಡಿ ಇಷ್ಟು ದಿನ ಅವರ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಪಾಪ, ಅವರಿಗೂ ನಿದ್ದೆ ಇರಲಿಲ್ಲ.

ಹುಡುಗಿ ಕೈ ಒರೆಸಿಕೊಂಡು ನಾಲ್ಕು ಪುಟವನ್ನೂ ಓದಿದಳು. ಹಲ್ವದ ಹತ್ತಿರ ಬಂದಾಗ ತುಟಿ ಕಚ್ಚಿಕೊಂಡಳು. ಟೀ ಶರ್ಟಿನ ಫೋಟೋ ಬಂದಾಗ ನೀರು ಕುಡಿದಳು. ಆಮೇಲೆ ತಲೆ ಎತ್ತಿ ಕೇಳಿದಳು.

"ಅಂಕಲ್, ಲಾಗಿನ್ ಮಾಡಿ ನೋಡಿದ್ರಾ?"

"ಅರ್ಜಿ ಪರಿಶೀಲನೆಯಲ್ಲಿರುವಾಗ ಹೇಗೆ ಮಾಡೋದು ಮೇಡಂ? ಉತ್ತರ ಬರದೆ ಒಳಗೆ ಹೋದ್ರೆ ತಪ್ಪಾಗಲ್ವಾ?"

"ಅಲ್ಲ ಅಂಕಲ್, ಈ ಪತ್ರ ಕಳಿಸಿದ ಮೇಲೆ ಒಂದ್ಸಲನಾದ್ರೂ ಆ ಪುಟ ತೆಗೆದು ನೋಡಿದ್ರಾ?"

"ಇಲ್ಲ."

ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. ಒಟಿಪಿ ಅವರ ಫೋನಿಗೆ ತಾನೇ ಬರುವುದು ಅಂತ ನಾನೂ ಆ ಪುಟದ ಕಡೆ ತಲೆ ಹಾಕಿರಲಿಲ್ಲ.

"ಅಂಕಲ್, ಆ ಚೌಕ ತೆಗೆದು ಎಷ್ಟೋ ದಿನ ಆಯ್ತಲ್ಲಾ."

ನಾನು ಲ್ಯಾಪ್‌ಟಾಪ್ ಬಿಚ್ಚಿದ ರಭಸಕ್ಕೆ ಯಾರದೋ ಚಟ್ನಿ ಚೆಲ್ಲಿತು. ಲಾಗಿನ್ ಪುಟ ತೆರೆಯಿತು. ಹೆಸರು, ಪಾಸ್‌ವರ್ಡ್, ಅಷ್ಟೇ. ಚೌಕವೂ ಇಲ್ಲ, ಕಂಪನಿಯೂ ಇಲ್ಲ, ಹಲ್ವವೂ ಇಲ್ಲ. ಪಾಲುದಾರರು ಇನ್ನೂ ಫೈಲಿನ ಹಾಳೆ ಜೋಡಿಸಿಕೊಳ್ಳುತ್ತಿದ್ದರಿಂದ ಪಾಸ್‌ವರ್ಡ್ ನಾನೇ ಕುಟ್ಟಿದೆ. ಒಟಿಪಿ ಬಂತು, ಓದಿ ಹೇಳಿದರು. ಒಳಗೆ ಹೋದೆವು. ತಿದ್ದಿದ ಪಡಸಾಲೆಯನ್ನು ಹಾಕಿದೆ. ನೀಲಿ ಗೆರೆ ನಿಧಾನಕ್ಕೆ ತುಂಬುತ್ತಾ ಹೋಯಿತು. ಅಷ್ಟು ಹೊತ್ತಿಗೆ ಎರಡೂ ಟೇಬಲ್ಲಿನವರು ನಮ್ಮ ಹಿಂದೆ ಬಂದು ನಿಂತಿದ್ದರು. ಅವರಲ್ಲಿ ನಾಲ್ಕೈದು ಜನರ ಗಿರಾಕಿಗಳು ನಮ್ಮ ಥೀಮನ್ನೇ ಬಳಸುತ್ತಿದ್ದರಂತೆ. ಗೆರೆ ತುಂಬಿತು. ಸ್ವೀಕರಿಸಲಾಗಿದೆ ಅಂತ ಬಂತು. ಸ್ವಲ್ಪ ಹೊತ್ತಿಗೇ ಒಬ್ಬ ತನ್ನ ಫೋನ್ ಎತ್ತಿ ತೋರಿಸುತ್ತಾ, "ಬಂತು ಮಗಾ, ನಂಗೆ ಅಪ್‌ಡೇಟ್ ಬಂತು!" ಅಂತ ಸಿಂಕಿನ ಕಡೆಯಿಂದ ಕೂಗಿದ. "ನಂಗೂ ಬಂತು ಗುರು" ಅಂತ ಕಿಟಕಿ ಕಡೆಯವನು ಕೂಗಿದ. ಸಾಂಬಾರಿನ ಮಾತು ಬಿಟ್ಟರೆ, ಮೂರು ತಿಂಗಳಲ್ಲಿ ಎರಡೂ ಕಡೆಯವರು ಬೈದಾಟವಿಲ್ಲದೆ ಆಡಿದ ಮೊದಲ ಮಾತು ಅದು.

ನನಗೆ ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಎದೆಯ ಮೇಲಿದ್ದ ಕಲ್ಲು ಇಳಿಸಿದ ಹಾಗಾಯಿತು. ಆ ಲಿಪಿ ಗೊತ್ತಿಲ್ಲದ ಬೇಕರಿಯವರಿಗೂ ಇಷ್ಟು ಹೊತ್ತಿಗೆ ಹೋಗಿ ಸೇರಿರುತ್ತದೆ ಅಂದುಕೊಂಡು ಒಂದು ಮಸಾಲೆದೋಸೆ ತಿಂದೆ. ತಿಂಗಳಾದ ಮೇಲೆ ರುಚಿಯಾಗಿ ತಿಂದದ್ದು ಅದೇ. ಆಮೇಲೆ ಇನ್ನೊಂದು ತಿಂದೆ. ಹುಡುಗಿ ಪಕ್ಕದಲ್ಲಿ ಕೂತು, ಖಾತೆಗೆ ನನ್ನ ಹೆಸರನ್ನೂ ಸೇರಿಸುವುದು ಹೇಗೆ ಅಂತ ತೋರಿಸಿಕೊಟ್ಟಳು. ಒಟಿಪಿ ಇನ್ನು ನನ್ನ ಫೋನಿಗೂ ಬರುತ್ತದೆ.

ಪಾಲುದಾರರು ಮಾತ್ರ ಮಾರನೇ ಬೆಳಿಗ್ಗೆ ಆಫೀಸಿಗೆ ಬಂದವರೇ ಇಪ್ಪತ್ತೇಳನೇ ಫೈಲ್ ತೆಗೆದರು.

"ಮೇಡಂ, ಒಂದು ತೊಡಕಿದೆ. ನಮ್ಮ ಅರ್ಜಿ ಅಲ್ಲಿ ಇನ್ನೂ ಬಾಕಿ ಇದೆ. ಬಾಕಿ ಇರುವಾಗಲೇ ನಿನ್ನೆ ಒಳಗೆ ಹೋಗಿಬಿಟ್ವಿ."

"ಚೌಕನೇ ಇಲ್ವಲ್ಲ ಸಾರ್!"

"ಚೌಕ ಅವರು ತೆಗೆದಿದಾರೆ. ಅರ್ಜಿ ನಾನು ತೆಗೆದಿಲ್ಲವಲ್ಲ."

ಅಂತ ಹೇಳಿ, ಹಿಂದಿನ ಅರ್ಜಿಯನ್ನು ವಾಪಸ್ ಪಡೆಯಲು ಅನುಮತಿ ಕೋರಿ ಎರಡು ಪುಟದ ಹೊಸ ಪತ್ರ ಬರೆದು ಕಳಿಸಿದರು. ಅದಕ್ಕೆ ಉತ್ತರ ಬರುವ ತನಕ ಲಾಗಿನ್ ಆಗುವುದು ಸರಿಯಲ್ಲವಂತೆ.

ಅವರು ಉಗ್ರಾಣದ ಹೊರಗೆ ಕಾಯುತ್ತಿದ್ದಾರೆ. ನಾನು ನನ್ನ ಫೋನಿನ ಒಟಿಪಿ ಹಾಕಿ ಒಳಗೆ ಕೂತು ಕೆಲಸ ಮಾಡುತ್ತಿದ್ದೇನೆ.